ಹರಾಜಿನಲ್ಲಿ ಕೊಂಡ ಮನೆ, ಹಳೆಯ ಮಾಲೀಕರ ತಕರಾರು

ಟೆಕ್ಸಸ್‌ನಲ್ಲಿರುವ ನಿಮ್ಮ ಮಗ ಆಸ್ತಿ ತೆರಿಗೆ ಬಾಕಿಗಾಗಿ ಹರಾಜಿಗೆ ಬಂದ ಮನೆಯನ್ನು ಕೂಗಿ ಕೊಂಡಿದ್ದಾರೆ, ಕ್ರಯಪತ್ರವೂ ನೋಂದಣಿಯಾಗಿದೆ. ಈಗ ಹಳೆಯ ಮಾಲೀಕರು ‘ನಮಗೆ ನೋಟಿಸೇ ಬಂದಿಲ್ಲ, ಹರಾಜು ಸಿಂಧುವಲ್ಲ’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಬರೀ ಬೆದರಿಕೆ ಎಂದು ತಳ್ಳಿಹಾಕಬೇಡಿ. ಇಂಥ ಹರಾಜುಗಳು ಬಿದ್ದುಹೋಗುವುದು ಹೆಚ್ಚಾಗಿ ನೋಟಿಸಿನ ಲೋಪದಿಂದಲೇ.

ಜೋನ್ಸ್ ವಿರುದ್ಧ ಫ್ಲವರ್ಸ್ ಪ್ರಕರಣದಲ್ಲಿ ಅರ್ಕಾನ್ಸಾ ರಾಜ್ಯದವರು ತೆರಿಗೆ ಬಾಕಿಯ ಬಗ್ಗೆ ಮನೆಯ ಮಾಲೀಕ ಜೋನ್ಸ್‌ಗೆ ರಶೀದಿ ಅಂಚೆಯಲ್ಲಿ ಎರಡು ಸಲ ನೋಟಿಸ್ ಕಳಿಸಿದ್ದರು. ಎರಡೂ ಲಕೋಟೆಗಳು ‘ಯಾರೂ ಪಡೆದಿಲ್ಲ’ ಎಂಬ ಗುರುತಿನೊಂದಿಗೆ ವಾಪಸಾದವು. ಆದರೂ ಮನೆ ಮಾರಿದರು. ವಾಪಸಾದದ್ದು ಗೊತ್ತಾದ ಮೇಲೆ ಸಾಮಾನ್ಯ ಅಂಚೆಯಲ್ಲಿ ಇನ್ನೊಂದು ಕಾಗದ ಹಾಕುವುದು, ಬಾಗಿಲಿಗೆ ಅಂಟಿಸುವುದು, ಇಂಥದ್ದೇನಾದರೂ ಮಾಡಬೇಕಿತ್ತು ಎಂದು 2006ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ನೋಟಿಸ್ ಕೈಗೆ ಸೇರಲೇಬೇಕು ಎಂದಲ್ಲ. ಸೇರಿಸುವ ಪ್ರಯತ್ನ ನಿಜವಾದದ್ದಾಗಿರಬೇಕು. ಅಡಮಾನ ಇಟ್ಟುಕೊಂಡ ಬ್ಯಾಂಕಿಗೂ ನೋಟಿಸ್ ಹೋಗಿರಬೇಕೆಂಬುದು 1983ರಿಂದಲೇ ಇದೆ.

ಟೆಕ್ಸಸ್‌ನಲ್ಲಿ ಈ ಹರಾಜು ನಡೆಯುವುದು ಕೋರ್ಟಿನ ತೀರ್ಪಿನ ಮೇಲೆ. ಹಾಗಾಗಿ ಮೊದಲು ಕೋರ್ಟಿನ ಕಡತಗಳನ್ನು ಇಡುವ ಡಿಸ್ಟ್ರಿಕ್ಟ್ ಕ್ಲರ್ಕ್ ಕಚೇರಿಯಿಂದ ಆ ತೆರಿಗೆ ದಾವೆಯ ಪೂರ್ತಿ ಕಡತದ ನಕಲು ತೆಗೆಸಲಿ. ಸಮನ್ಸ್ ಜಾರಿಯಾದ ವರದಿಯನ್ನು ಸಾಲು ಸಾಲಾಗಿ ಓದಲಿ. ಖುದ್ದಾಗಿ ಕೊಟ್ಟಿದ್ದರೆ ಮಗನ ಪಕ್ಷ ಗಟ್ಟಿ. ಕೋರ್ಟಿನ ಬಾಗಿಲಿಗೆ ಅಂಟಿಸಿ ಸುಮ್ಮನಾಗಿದ್ದರೆ, ಮಾಲೀಕರ ವಿಳಾಸ ತೆರಿಗೆ ದಾಖಲೆಯಲ್ಲೋ ಹಳೆಯ ಕ್ರಯಪತ್ರದಲ್ಲೋ ಇತ್ತೇ ಎಂದು ತಾಳೆ ನೋಡಬೇಕು. ಕಣ್ಣೆದುರಿದ್ದ ವಿಳಾಸವನ್ನು ಹುಡುಕದೆ ಪಡೆದ ತೀರ್ಪು ಅಸಿಂಧು ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹರಾಜಿಗೆ ಮೊದಲೇ ಮಾಲೀಕರು ದಿವಾಳಿ ಅರ್ಜಿ ಹಾಕಿದ್ದರೇ ಎಂಬುದನ್ನೂ ನೋಡಲಿ; ಹಾಕಿದ್ದರೆ ಮಾರಾಟಕ್ಕೆ ತನ್ನಿಂತಾನೇ ತಡೆ ಬಿದ್ದಿರುತ್ತದೆ.

ಎಲ್ಲ ಸರಿಯಿದ್ದರೂ ಮನೆ ಸದ್ಯಕ್ಕೆ ಪೂರ್ತಿ ನಿಮ್ಮದಲ್ಲ. ಅದು ಮಾಲೀಕರ ವಾಸದ ಮನೆಯಾಗಿದ್ದರೆ, ಕ್ರಯಪತ್ರ ನೋಂದಣಿಯಾದ ದಿನದಿಂದ 2 ವರ್ಷದೊಳಗೆ ಅವರು ಬಿಡಿಸಿಕೊಳ್ಳಬಹುದು: ಮೊದಲ ವರ್ಷ ಶೇ 25, ಎರಡನೆಯ ವರ್ಷ ಶೇ 50 ಹೆಚ್ಚುವರಿ ಕಟ್ಟಿ. ಬಾಡಿಗೆಗೆ ಕೊಟ್ಟಂಥ ಮನೆಗಳಿಗೆ ಗಡುವು 180 ದಿನ. ಅಲ್ಲಿಯವರೆಗೆ ಹೊಸ ಅಡುಗೆಮನೆ, ನೆಲಹಾಸು ಎಂದು ದುಡ್ಡು ಸುರಿಯುವುದು ಬೇಡವೇ ಬೇಡ. ಬಿಡಿಸಿಕೊಳ್ಳುವಾಗ ಲೆಕ್ಕಕ್ಕೆ ಬರುವುದು ವಿಮೆ, ಮನೆ ಕಾಪಾಡಲು ಮಾಡಿದ ನ್ಯಾಯವಾದ ಖರ್ಚು ಇಂಥವು ಮಾತ್ರ. ಅವುಗಳ ರಶೀದಿಗಳನ್ನು ಜೋಪಾನವಾಗಿಡಲಿ. ಕಡತ ಕೈಗೆ ಬಂದ ಕೂಡಲೇ ಅಲ್ಲಿನ ಆಸ್ತಿ ವಕೀಲರಿಗೆ ತೋರಿಸಲಿ. ಅದಕ್ಕೆ ಮೊದಲು ಹಳೆಯ ಮಾಲೀಕರಿಗೆ ಬರವಣಿಗೆಯಲ್ಲಿ ಯಾವ ಉತ್ತರವನ್ನೂ ಕೊಡದಿರಲಿ.