ಅಶೋಕನ ಕಲ್ಲು ನಮ್ಮೂರಲ್ಲಿ, ಚಾರ್ಟ್ ಮಾತ್ರ ಉತ್ತರಾಖಂಡದ್ದು

ದೆಹಲಿಯ ಸಂಸ್ಕೃತಿ ನೀತಿ ನಿಮ್ಮ ರಾಯಚೂರಿನ ಶಾಲೆಗಳಲ್ಲಿ ಹೇಗೆ ಕಾಣಿಸುತ್ತದೆ ಅಂತ ಕೇಳಿದ್ದೀರಿ. ಹೆಚ್ಚಾಗಿ ಚಾರ್ಟ್ ಪೇಪರ್ ಮೇಲೆ ಕಾಣಿಸುತ್ತದೆ. ತಮಾಷೆ ಮಾಡುತ್ತಿಲ್ಲ.

‘ಏಕ ಭಾರತ ಶ್ರೇಷ್ಠ ಭಾರತ’ ಅಂತ 2015ರಲ್ಲಿ ಘೋಷಣೆಯಾದ ಕೇಂದ್ರದ ಕಾರ್ಯಕ್ರಮ ಇದೆ. ಒಂದು ರಾಜ್ಯದವರು ಇನ್ನೊಂದರ ಬಗ್ಗೆ ತಿಳಿಯಲಿ ಅಂತ ಅದರಲ್ಲಿ ರಾಜ್ಯಗಳಿಗೆ ಜೋಡಿ ಹಾಕಿದ್ದಾರೆ. ಕರ್ನಾಟಕಕ್ಕೆ ಉತ್ತರಾಖಂಡ, ತೆಲಂಗಾಣಕ್ಕೆ ಹರಿಯಾಣ, ಆಂಧ್ರಕ್ಕೆ ಪಂಜಾಬ್. ನಮ್ಮ ಮಕ್ಕಳು ಕೇದಾರನಾಥದ ಚಿತ್ರ ಅಂಟಿಸಿ, ಅಲ್ಲಿನ ಊಟ, ಉಡುಪು, ಹಬ್ಬ ಬರೆದು ತರುತ್ತಾರೆ. ತಪ್ಪೇನಿಲ್ಲ, ದೂರದವರ ಬಗ್ಗೆಯೂ ಗೊತ್ತಿರಲಿ. ಆದರೆ ಶಕ್ತಿನಗರದ ಹತ್ತಿರ ಕೃಷ್ಣಾ ನದಿ ದಾಟಿದರೆ ತೆಲಂಗಾಣ. ಆ ದಡದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಈ ದಡದಲ್ಲಿ ಮನೆಯಲ್ಲಿ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳಿದ್ದಾರೆ. ಈ ಜೋಡಿ ಯಾವ ಪಟ್ಟಿಯಲ್ಲೂ ಇಲ್ಲ. ಎದುರು ದಡದ ಹುಡುಗ ಹರಿಯಾಣದ ಚಾರ್ಟ್ ಮಾಡುತ್ತಿರುತ್ತಾನೆ!

ಇನ್ನು ಬಾವುಟದ ಮಾತು. ನಿಮಗೆ ಆಗಸ್ಟ್ 15 ಒಂದೇ ಅಲ್ವಾ? 1947ರಲ್ಲಿ ರಾಯಚೂರು, ಕೊಪ್ಪಳ ಎರಡೂ ಹೈದರಾಬಾದ್ ನಿಜಾಮನ ಆಡಳಿತದಲ್ಲಿದ್ದವು. ಬಿಡುಗಡೆಯಾದದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಲ್ಲಿಯವರೆಗೆ ಸರ್ಕಾರಿ ಶಾಲೆಗಳಲ್ಲಿ ಉರ್ದುವಿನದೇ ಜೋರು. ಸಮಾಜ ಸುಧಾರಕ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ್ದು ಆ ಕಾಲದಲ್ಲೇ. ಆ ಬಿಡುಗಡೆಯ ನೆನಪಿಗೆ ನಮ್ಮ ಮಕ್ಕಳಿಗೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ ಬಾವುಟ, ಇನ್ನೊಂದು ಸಲ ಭಾಷಣ, ಇನ್ನೊಂದು ಸಲ ಸಿಹಿ. ಸಿಹಿ ನೆನಪಿರುತ್ತದೆ. ತಮ್ಮ ಊರು ಯಾಕೆ ಹದಿಮೂರು ತಿಂಗಳು ತಡವಾಯಿತು ಅನ್ನೋದು ಎಷ್ಟು ಮಕ್ಕಳಿಗೆ ಗೊತ್ತೋ!

ನನಗೆ ಜಾಸ್ತಿ ಬೇಸರ ನಮ್ಮ ಜಿಲ್ಲೆಯ ಮಸ್ಕಿ ಊರಿನ ವಿಷಯದಲ್ಲಿ. ಅಶೋಕನ ಸಿಂಹಗಳು ನೋಟಿನ ಮೇಲಿವೆ, ಸರ್ಕಾರಿ ಕಾಗದದ ಮೇಲಿವೆ. ಆದರೆ ಮೊದಲು ಸಿಕ್ಕ ಶಾಸನಗಳಲ್ಲಿ ಅವನ ಹೆಸರೇ ಇರಲಿಲ್ಲ, ಬರೀ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತ ಬಿರುದು. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಮಸ್ಕಿಯ ಬಂಡೆ ಸಿಕ್ಕಿತು. ಅದರಲ್ಲಿ ‘ಅಶೋಕ’ ಅಂತ ನೇರವಾಗಿ ಬರೆದಿತ್ತು. ಆ ಬಿರುದಿನ ರಾಜ ಅಶೋಕನೇ ಅನ್ನೋದು ಗಟ್ಟಿಯಾಯಿತು. ದೇಶದ ಲಾಂಛನದ ಹಿಂದಿರುವ ರಾಜನ ಹೆಸರು ಹೇಳಿದ ಕಲ್ಲು ನಮ್ಮ ಜಿಲ್ಲೆಯಲ್ಲೇ ಇದ್ದರೂ ಪಾಠದಲ್ಲಿ ಒಂದೆರಡು ಸಾಲಿಗೆ ಮುಗಿಯುತ್ತದೆ. ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡಿದರೆ ಸಾಕು.

ರಾಯಚೂರು ಕೋಟೆಯಲ್ಲೂ ಅಂಥದ್ದೊಂದು ಕಲ್ಲಿದೆ. ನಲವತ್ತು ಅಡಿಗೂ ಉದ್ದ. ಅದರಲ್ಲಿ ವಾರಂಗಲ್ಲಿನ ಕಾಕತೀಯ ಅರಸರ ಕಾಲದ, 1294ರ ತೆಲುಗು ಶಾಸನ ಇದೆ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿಕೊಂಡು ಎಳೆದು ತಂದ ಚಿತ್ರವನ್ನೂ ಅಲ್ಲೇ ಗೀರಿದ್ದಾರೆ. ಅದೇ ಕೋಟೆಯಲ್ಲಿ ಸುಲ್ತಾನರ ಕಾಲದ ಪರ್ಷಿಯನ್ ಬರಹಗಳೂ ಇವೆ. ಮನೆಯಲ್ಲಿ ತೆಲುಗು ಮಾತಾಡುವವರೂ ಉರ್ದು ಮಾತಾಡುವವರೂ ಕನ್ನಡದವರ ಜೊತೆ ಒಂದೇ ಬೆಂಚಲ್ಲಿ ಕೂರುವ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಪರಂಪರೆ, ಮಾತೃಭಾಷೆ ಅಂತ ಚೆನ್ನಾಗಿಯೇ ಬರೆದಿದೆ. ಅದು ಬೇಡ, ನಮ್ಮದೇ ನೀತಿ ಮಾಡುತ್ತೇವೆ ಅಂತ ರಾಜ್ಯ ಸರ್ಕಾರ 2023ರಲ್ಲಿ ಹೇಳಿತು. ಯಾರದೇ ನೀತಿ ಬರಲಿ, ಸ್ಥಳೀಯ ಪರಂಪರೆ ಅಂತ ಸುತ್ತೋಲೆಯಲ್ಲಿ ಬರೆದಿರುತ್ತದೆ, ಬಸ್ ಬಾಡಿಗೆ ಯಾರು ಕೊಡಬೇಕು ಅಂತ ಬರೆದಿರುವುದಿಲ್ಲ. ಕೋಟೆ ಪಕ್ಕದ ಶಾಲೆಯ ಮಕ್ಕಳನ್ನು ಮೇಷ್ಟ್ರು ನಡೆಸಿಕೊಂಡೇ ಹೋಗಿ ಆ ಕಲ್ಲು ತೋರಿಸಬಹುದು. ದೇವದುರ್ಗದ ಕಡೆಯ ಹಳ್ಳಿ ಮಕ್ಕಳಿಗೆ ಮೊಬೈಲಲ್ಲಿ ಫೋಟೋ ತೋರಿಸುತ್ತಾರೆ.