‘ಇದ್ದಕ್ಕಿದ್ದಂತೆ’ ಅನ್ನುವ ಮಾತು ತೆಗೆಯಿರಿ

ನಮಸ್ಕಾರ.

ಎಮಿಲಿ ಕಾಮೆ ಉಂಗ್ವಾರೆ ಬಗ್ಗೆ ನೀವು ಕಳಿಸಿದ ಲೇಖನ ತಲುಪಿತು. ಎರಡು ಸಲ ಓದಿದೆ. ಆಸ್ಟ್ರೇಲಿಯಾದ ಮರುಭೂಮಿಯ ಒಬ್ಬ ಮೂಲನಿವಾಸಿ ಚಿತ್ರಗಾರ್ತಿಯ ಬಗ್ಗೆ ಕನ್ನಡದಲ್ಲಿ ಬರೆಯುವ ಮನಸ್ಸು ಮಾಡಿದಿರಿ, ಸಂತೋಷ. ಭಾಷೆಯೂ ಸರಾಗವಾಗಿದೆ. ಹೊಗಳಿಕೆ ಇಷ್ಟು ಸಾಕು, ಈಗ ಜಗಳಕ್ಕೆ ಬರುತ್ತೇನೆ.

ನಿಮ್ಮ ಮೊದಲ ಸಾಲು ಹೀಗಿದೆ: ‘ಎಪ್ಪತ್ತೆಂಟನೇ ವಯಸ್ಸಿನಲ್ಲಿ, ಯಾವ ತರಬೇತಿಯೂ ಇಲ್ಲದ ಅಜ್ಜಿಯೊಬ್ಬಳು ಇದ್ದಕ್ಕಿದ್ದಂತೆ ಕುಂಚ ಹಿಡಿದಳು, ಜಗತ್ತು ಬೆರಗಾಯಿತು.’

ಒಂದೊಂದೇ ಮಾತು ಬಿಡಿಸೋಣ. ‘ಎಪ್ಪತ್ತೆಂಟು’ ಅಂತ ಯಾರು ಲೆಕ್ಕ ಹಾಕಿದರು? ಆಕೆ ಹುಟ್ಟಿದ ವರ್ಷವನ್ನು ಯಾರೂ ಬರೆದಿಟ್ಟಿಲ್ಲ. 1910ರ ಆಸುಪಾಸು ಅಂತ ಅಂದಾಜು, ಅಷ್ಟೇ. ‘ಎಂಬತ್ತರ ಹತ್ತಿರ’ ಅಂದರೆ ಸಾಕು.

‘ಯಾವ ತರಬೇತಿಯೂ ಇಲ್ಲದ’. ಇಲ್ಲೇ ನನಗೆ ಸಿಟ್ಟು ಬಂದದ್ದು. ಎಮಿಲಿಯ ಅನ್ಮಟ್ಯರ್ ಜನರಲ್ಲಿ ‘ಅವೆಲ್ಯ’ ಅಂತ ಹೆಂಗಸರದೇ ಒಂದು ಆಚರಣೆ ಇದೆ. ಎದೆ, ಭುಜ, ತೋಳಿನ ಮೇಲೆ ಕಾವಿಮಣ್ಣಿನ ಗೆರೆ ಎಳೆಯುತ್ತಾರೆ, ಹಾಡುತ್ತಾರೆ, ಕುಣಿಯುತ್ತಾರೆ. ಎಮಿಲಿ ಆ ಗೆರೆಗಳನ್ನು ಬದುಕಿಡೀ ಎಳೆದವಳು. 1990ರ ದಶಕದಲ್ಲಿ ಕ್ಯಾನ್ವಾಸಿನ ಮೇಲೆ ಬರೀ ಪಟ್ಟೆ ಪಟ್ಟೆ ಬರೆದಳಲ್ಲ, ಅವು ಬಂದದ್ದು ಅಲ್ಲಿಂದ. ನೀವು ಅದೇ ಪಟ್ಟೆಗಳನ್ನು ‘ಆಧುನಿಕ ಅಮೂರ್ತ ಶೈಲಿ’ ಅಂದುಬಿಟ್ಟಿದ್ದೀರಿ.

ಇನ್ನು ‘ಇದ್ದಕ್ಕಿದ್ದಂತೆ’. ಮಧ್ಯ ಆಸ್ಟ್ರೇಲಿಯಾದ ಊರು ಆಲಿಸ್ ಸ್ಪ್ರಿಂಗ್ಸ್‌ನಿಂದ ಈಶಾನ್ಯಕ್ಕೆ ಸುಮಾರು 250 ಕಿ.ಮೀ. ದೂರದ ಯುಟೋಪಿಯಾ ಎಂಬಲ್ಲಿ 1977ರಲ್ಲಿ ಹೆಂಗಸರು ಬಾಟಿಕ್, ಅಂದರೆ ಮೇಣ ಹಾಕಿ ಬಟ್ಟೆಗೆ ಬಣ್ಣ ಕಟ್ಟುವ ಕಲೆ, ಕಲಿಯತೊಡಗಿದರು. ಎಮಿಲಿಯೂ ಅವರಲ್ಲಿ ಒಬ್ಬಳು. ಕ್ಯಾನ್ವಾಸ್ ಕೈಗೆ ಬಂದದ್ದು 1988ರ ಕೊನೆಗೆ. ನಡುವೆ ಹನ್ನೊಂದು ವರ್ಷ! ಬಾಟಿಕ್‌ನಲ್ಲಿ ಕಾದ ಮೇಣದ ಗೆರೆ ಬಟ್ಟೆಯ ಮೇಲೆ ಬಿದ್ದರೆ ಬಿತ್ತು, ಅಳಿಸುವ ಹಾಗಿಲ್ಲ. ಆಮೇಲೆ ಬಣ್ಣ, ಮತ್ತೆ ಮೇಣ, ಮತ್ತೆ ಬಣ್ಣ, ಕೊನೆಗೆ ಕುದಿಸಿ ಮೇಣ ಬಿಡಿಸಬೇಕು. ಕಣ್ಣು ಮಂಜಾಗಿ, ಬಟ್ಟೆ ಕುದಿಸಿ ಕುದಿಸಿ, ಬೆಂಕಿ ಹಾಕಿ, ಸೋಪಿನ ಪುಡಿ ಖಾಲಿ ಮಾಡಿ ಸಾಕಾಗಿಹೋಯಿತು, ಅದಕ್ಕೇ ಬಾಟಿಕ್ ಬಿಟ್ಟೆ ಅಂತ ಆಕೆಯೇ ಹೇಳಿಕೊಂಡಿದ್ದಾಳೆ. ಈ ಸೋಪಿನ ಪುಡಿ ನಿಮ್ಮ ಲೇಖನದಲ್ಲಿ ಎಲ್ಲಿ? ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ನಿಮಗೆ ಹೀಗೆ ಬೈಯುವ ಅಧಿಕಾರ ನನಗೆ ಬಂದದ್ದು ಇದೇ ತಪ್ಪು ಮಾಡಿ. ಇಪ್ಪತ್ತಮೂರರ ವಯಸ್ಸು. ಸಾಗರದ ಕಡೆ ಒಬ್ಬ ದೀವರ ಅಜ್ಜಿ ಗೋಡೆಯ ಮೇಲೆ ಬರೆದ ಹಸೆ ಚಿತ್ತಾರ ನೋಡಿ ಬಂದು, ‘ಗುರುವಿಲ್ಲದೆ ಅರಳಿದ ಕಲೆ’ ಅಂತ ಜೋರಾಗಿ ಬರೆದೆ. ನಮ್ಮ ಹಿರಿಯ ಸಂಪಾದಕರು ಓದಿ, ಕನ್ನಡಕ ತೆಗೆದಿಟ್ಟು, ಒಂದೇ ಪ್ರಶ್ನೆ ಕೇಳಿದರು: ‘ಆ ಅಜ್ಜಿಗೆ ಮೊದಲ ಸಲ ಪುಂಡಿ ನಾರಿನ ಕುಂಚ ಮಾಡಿಕೊಟ್ಟವರು ಯಾರು?’ ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಮತ್ತೆ ಬಸ್ಸು ಹತ್ತಿದೆ, ನನ್ನದೇ ದುಡ್ಡಿನಲ್ಲಿ. ಅಜ್ಜಿ ನಕ್ಕುಬಿಟ್ಟರು. ‘ವರ್ಷಗಟ್ಲೆ ಅವ್ವಂಗೆ ಅಕ್ಕಿ ಅರೆದು ಕೊಟ್ಟೀನಿ ಕಣಾ. ಗ್ವಾಡೆ ಮುಟ್ಟಾಕೆ ಬಿಡ್ತಿರ್ಲಿಲ್ಲ ಅವ್ಳು.’ ಆ ಲೇಖನ ಅಚ್ಚಾಗಲೇ ಇಲ್ಲ, ಅದು ಬೇರೆ ಮಾತು.

ಎರಡನೇ ತಕರಾರು. ಆಕೆಯ 1995ರ ದೊಡ್ಡ ಚಿತ್ರದ ಹೆಸರು ‘ಬಿಗ್ ಯಾಮ್ ಡ್ರೀಮಿಂಗ್’, ಅದನ್ನು ನೀವು ‘ದೊಡ್ಡ ಗೆಣಸಿನ ಕನಸು’ ಅಂತ ಮಾಡಿದ್ದೀರಿ. ‘ಗೆಣಸು’, ‘ಕನಸು’, ಎರಡೂ ಪದ ತಪ್ಪು.

‘ಗೆಣಸು’ ಅಂದ ಕೂಡಲೇ ನಮ್ಮ ಓದುಗರಿಗೆ ಸಂಕ್ರಾಂತಿಯ ದಿನ ಬೇಯಿಸಿದ ಗೆಣಸು ನೆನಪಾಗುತ್ತದೆ. ಇದು ಆ ಗೆಣಸಲ್ಲ. ನಮ್ಮ ಹೆಸರು, ಉದ್ದು, ಅಲಸಂದೆ ಇವೆಯಲ್ಲ, ಅದೇ ಕುಲದ ಒಂದು ಕಾಡುಬಳ್ಳಿ. ನೆಲದೊಳಗೆ ಪೆನ್ಸಿಲಿನಷ್ಟು ಸಣ್ಣ ಗೆಡ್ಡೆ ಬಿಡುತ್ತದೆ. ಹೆಂಗಸರು ಮಣ್ಣು ಅಗೆದು ತೆಗೆಯುತ್ತಾರೆ. ಈ ಬಳ್ಳಿಯ ಬೀಜಕ್ಕೆ ಆ ಜನ ‘ಕಾಮೆ’ ಅನ್ನುತ್ತಾರೆ. ಎಮಿಲಿಯ ಹೆಸರಿನ ನಡುವೆ ಇರುವುದು ಅದೇ! ಆಕೆ ಬರೆದದ್ದು ತನ್ನ ಹೆಸರನ್ನೇ. ಇಷ್ಟು ದೊಡ್ಡ ವಿಷಯ ನಿಮ್ಮ ಕೈಯಲ್ಲಿತ್ತು, ನೀವು ಗೆಣಸು ಅಂದು ಮುಂದೆ ಹೋದಿರಿ.

‘ಕನಸು’ ಇನ್ನೂ ಕಷ್ಟ. ‘ಡ್ರೀಮಿಂಗ್’ ಇಂಗ್ಲಿಷಿನವರು ಕೊಟ್ಟ ಪದ. 19ನೇ ಶತಮಾನದ ಕೊನೆಯಲ್ಲಿ ಸ್ಪೆನ್ಸರ್ ಮತ್ತು ಗಿಲೆನ್ ಎಂಬಿಬ್ಬರು ಅಲ್ಲಿನ ‘ಅಲ್ಚೆರ’ ಎಂಬ ಮಾತನ್ನು ಹಾಗೆ ತಿರುಗಿಸಿದರು, ಅದೇ ನಿಂತುಹೋಯಿತು. ನೆಲ ಹೇಗಾಯಿತು, ಯಾವ ಬಳ್ಳಿಗೆ ಯಾರು ನೆಂಟರು, ಯಾವ ಹಾಡು ಯಾರ ಪಾಲಿನದು, ಎಲ್ಲ ಅದರಲ್ಲಿದೆ. ರಾತ್ರಿ ಬಿದ್ದು ಬೆಳಿಗ್ಗೆ ಮರೆಯುವ ಕನಸು ಅದಲ್ಲ. ಕನ್ನಡದಲ್ಲಿ ಒಂದೇ ಪದ ನನಗೂ ಹೊಳೆದಿಲ್ಲ. ‘ಅಲ್ಚೆರ’ ಅಂತಲೇ ಇಟ್ಟು ಎರಡು ಸಾಲು ವಿವರಿಸಿ. ಓದುಗರು ದಡ್ಡರಲ್ಲ.

ಕೆಳಗೆ ‘ಕನಸಿನಲ್ಲಿ ಕಂಡಂತೆ ಎರಡೇ ದಿನದಲ್ಲಿ ಬರೆದು ಮುಗಿಸಿದಳು’ ಅಂತಿದೆ. ಎರಡು ದಿನ ನಿಜ. ಆದರೆ ನೋಡಿ: ಎಂಟು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕಪ್ಪು ಬಟ್ಟೆ ನೆಲದ ಮೇಲೆ ಹಾಸಿದೆ. ಅದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಬಿಳಿ ಬಣ್ಣದ ಗೆರೆ ಬೇರಿನ ಹಾಗೆ ಒಂದರೊಳಗೊಂದು ಹೊಕ್ಕು ಹೋಗುತ್ತಿದೆ. ಮೊದಲು ಗುರುತು ಹಾಕಿಕೊಂಡಿಲ್ಲ, ಆಮೇಲೆ ತಿದ್ದಿಲ್ಲ. ಆ ಕೈ ಎಲ್ಲಿಂದ ಬಂತು? ಮೇಣದಿಂದ, ಮಣ್ಣು ಅಗೆದದ್ದರಿಂದ, ಹೆಂಗಸರ ಭುಜದಿಂದ. ಇದನ್ನು ಬರೆಯಿರಿ.

ಉಳಿದದ್ದು ಹಾಗೇ ಇರಲಿ. 2017ರ ಹರಾಜಿನಲ್ಲಿ ಆಕೆಯ ಚಿತ್ರಕ್ಕೆ ಬಂದ 21 ಲಕ್ಷ ಆಸ್ಟ್ರೇಲಿಯನ್ ಡಾಲರ್ ಮಾತು ಕೊನೆಗೆ ಹೋಗಲಿ. ಆಗ ಆಕೆ ತೀರಿಕೊಂಡು 21 ವರ್ಷ ಆಗಿತ್ತು, ಅದನ್ನೂ ಸೇರಿಸಿ. ‘ಉಂಗ್ವಾರೆ’ ನಮ್ಮ ಇನಿಶಿಯಲ್ ಥರ ಅಲ್ಲ, ಅಪ್ಪನ ಹೆಸರೂ ಅಲ್ಲ. ಅದು ನೆಂಟಸ್ತಿಕೆಯ ಗುಂಪಿನ ಹೆಸರು. ನೀವದನ್ನು ಮೂರು ಕಡೆ ಮೂರು ಥರ ಬರೆದಿದ್ದೀರಿ, ಒಂದು ಮಾಡಿ. ತಿಂಗಳ 20ರೊಳಗೆ ಬಂದರೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಹಿಡಿದಿಡುತ್ತೇನೆ.