4 ದಿನಕ್ಕೆ ಮೊಡವೆ ಮಾಯ ಮಾಡುವ ಕ್ರೀಮ್ ಬಗ್ಗೆ

ನೀವು ಕೇಳಿದ್ದು ಇಷ್ಟು: ಮಂಗಳೂರಿನ ಪಿಜಿಯಲ್ಲಿ ಗೆಳತಿ ಕೊಟ್ಟ ಕ್ರೀಮ್ ಹಚ್ಚಿದರೆ 4 ದಿನಕ್ಕೆ ಮೊಡವೆ ಹೋಗುತ್ತದೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ ಬರುತ್ತದೆ, 5 ವಾರದಲ್ಲಿ ಅಕ್ಕನ ಮದುವೆ ಇದೆ, ಅಲ್ಲಿಯವರೆಗೆ ಹಚ್ಚಬಹುದಾ?

ಬೇಡ. ಆ ಟ್ಯೂಬನ್ನು ಬೆಳಕಿಗೆ ಹಿಡಿದು ಹಿಂದಿನ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಅಂತ ಏನಾದರೂ ಇದ್ದರೆ ಅದು ಸ್ಟೀರಾಯ್ಡ್. ಅದು ಮೊಡವೆಯ ಕೆಂಪು, ಊತವನ್ನು ಅಡಗಿಸುತ್ತದೆ ಅಷ್ಟೇ, ಒಳಗಿನ ಕಾರಣವನ್ನು ಮುಟ್ಟುವುದೇ ಇಲ್ಲ. ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ. ಬಿಟ್ಟ ಕೂಡಲೇ ಮುಖ ಉರಿದು, ಕೆಂಪಾಗಿ, ಸಣ್ಣ ಗುಳ್ಳೆಗಳು ಏಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಸುಮ್ನೆ ಕೇಳಿದರೆ ಸಿಕ್ಕಿಬಿಡುತ್ತದೆ.

ನನಗೂ ಹಾಗೇ ಸಿಕ್ಕಿತ್ತು. ಅಣ್ಣನ ಮದುವೆಗೆ 2 ತಿಂಗಳು ಇದ್ದಾಗ ಉಡುಪಿಯ ಒಂದು ಮೆಡಿಕಲ್‌ನಲ್ಲಿ ಮೊಡವೆಗೆ ಏನಾದರೂ ಕೊಡಿ ಅಂದೆ. ಮದುವೆ ಫೋಟೋದಲ್ಲಿ ನನ್ನ ಮುಖ ನುಣ್ಣಗಿದೆ. ಆಮೇಲೆ ಒಲೆಯ ಮುಂದೆ ನಿಂತರೆ ಕೆನ್ನೆ ಸುಡುತ್ತಿತ್ತು, ಬಿಸಿಲಿಗೆ ಹೋದರೆ ಕಣ್ಣಲ್ಲಿ ನೀರು. ಸರಿಹೋಗಲು 8 ತಿಂಗಳು ಬೇಕಾಯಿತು. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಗ ಚರ್ಮದ ಡಾಕ್ಟರ್ ಚೀಟಿಯ ಹಿಂದೆ ಒಂದು ಪುಟ್ಟ ಹೂಜಿಯ ಚಿತ್ರ ಬಿಡಿಸಿ ತೋರಿಸಿದರು. ಹೂಜಿ ಅಂದರೆ ಕೂದಲಿನ ಬುಡದ ರಂಧ್ರ. ಅದರ ಪಕ್ಕದಲ್ಲಿ ಎಣ್ಣೆ ಗ್ರಂಥಿ. ಹರೆಯದಲ್ಲಿ ಹಾರ್ಮೋನಿನಿಂದ ಎಣ್ಣೆ ಜಾಸ್ತಿ ಬರುತ್ತದೆ. ಉದುರಬೇಕಾದ ಸತ್ತ ಚರ್ಮ ಉದುರದೆ, ಎಣ್ಣೆ ಜೊತೆ ಸೇರಿ ಹೂಜಿಯ ಬಾಯಿಗೆ ಬಿರಡೆಯ ಹಾಗೆ ಕೂರುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತದೆ. ಇವತ್ತು ಕನ್ನಡಿಯಲ್ಲಿ ಕಂಡ ಮೊಡವೆ ಎಷ್ಟೋ ವಾರದ ಹಿಂದೆಯೇ ಒಳಗೆ ಶುರುವಾಗಿರುತ್ತದೆ. ಹಾಗಿರುವಾಗ ನಿಜವಾದ ಔಷಧಿ 4 ದಿನದಲ್ಲಿ ಫಲ ಕೊಡುವುದು ಹೇಗೆ, ಅಲ್ವಾ? ಸುಮಾರು 12 ವಾರ ಬೇಕು.

ನನಗೆ ಕೊಟ್ಟದ್ದು ಎರಡೇ. ಮುಖದ ಉರಿ ತಣಿದ ಮೇಲೆ ರಾತ್ರಿಗೆ ಅಡಾಪಲೀನ್ 0.1% ಜೆಲ್. ಇದು ಬಿರಡೆ ಕೂರದ ಹಾಗೆ ನೋಡಿಕೊಳ್ಳುತ್ತದೆ. ಆದ್ದರಿಂದ ಮೊಡವೆಯ ಮೇಲೆ ಮಾತ್ರ ಚುಕ್ಕಿ ಇಟ್ಟರೆ ಸಾಲದು, ಬಟಾಣಿ ಕಾಳಿನಷ್ಟು ತೆಗೆದು ಒಣಗಿದ ಮುಖಕ್ಕೆಲ್ಲ ತೆಳ್ಳಗೆ ಹಚ್ಚಬೇಕು. ಮೊದಲು ಎರಡು ಮೂರು ದಿನಕ್ಕೊಮ್ಮೆ, ರೂಢಿಯಾದ ಮೇಲೆ ದಿನಾ. ಶುರುವಿನಲ್ಲಿ ಸಿಪ್ಪೆ ಏಳುತ್ತದೆ, ಮೊಡವೆ ಕೆಲವರಿಗೆ ಸ್ವಲ್ಪ ಜಾಸ್ತಿಯೂ ಆಗುತ್ತದೆ. ತುಂಬ ಜನ ಬಿಟ್ಟುಬಿಡುವುದು ಆಗಲೇ. ಮಾಯಿಶ್ಚರೈಸರ್ ಹಚ್ಚಿಕೊಂಡು ತಡೆದುಕೊಳ್ಳಿ. ಬೆಳಿಗ್ಗೆಗೆ ಬೆಂಜಾಯಿಲ್ ಪೆರಾಕ್ಸೈಡ್ 2.5%, ಬ್ಯಾಕ್ಟೀರಿಯಾಕ್ಕೆ. ಅದು ಬಟ್ಟೆಯ ಬಣ್ಣ ತಿನ್ನುತ್ತದೆ. ನನ್ನ ಮರೂನ್ ಬೈರಾಸಿನ (ಟವೆಲಿನ) ಮೇಲೆ ಕೆನ್ನೆ ಒರೆಸಿದ ಜಾಗ ಈಗಲೂ ಬೆಳ್ಳಗಿದೆ. ಹಗಲು ಸನ್‌ಸ್ಕ್ರೀನ್ ಬೇಕೇ ಬೇಕು, ಇಲ್ಲದಿದ್ದರೆ ಕಪ್ಪು ಕಲೆ ಬೇಗ ಹೋಗುವುದಿಲ್ಲ.

ನಮ್ಮ ಊರಿನ ಸೆಖೆಗೆ ಎರಡು ಮಾತು. ತಲೆಗೆ ತೆಂಗಿನೆಣ್ಣೆ ಹಾಕಿ ಮಲಗಿದರೆ ಅದು ಹಣೆಗೆ ಇಳಿದು ರಂಧ್ರ ಮುಚ್ಚುತ್ತದೆ. ಹಣೆಯಲ್ಲೇ ಮೊಡವೆ ಜಾಸ್ತಿ ಇದ್ದವರು ಎಣ್ಣೆ ಹಾಕಿ ಒಂದು ಗಂಟೆಯಲ್ಲಿ ಸ್ನಾನ ಮಾಡಿಬಿಡಿ. ಬಸ್ಸಿನಲ್ಲಿ ಬೆವರಿದರೆ ಕರ್ಚೀಫಿನಿಂದ ಉಜ್ಜಬೇಡಿ, ಒತ್ತಿ ತೆಗೆಯಿರಿ. ದಿನಕ್ಕೆ 2 ಸಲ ಮುಖ ತೊಳೆದರೆ ಸಾಕು. ಹಣೆ, ಬೆನ್ನಿನಲ್ಲಿ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳಾದರೆ ಅದು ಬೆವರಿನ ಜೊತೆ ಬರುವ ಫಂಗಸ್ ಇರಬಹುದು. ಅದಕ್ಕೆ ಔಷಧಿಯೇ ಬೇರೆ.

ಬಂಗುಡೆ ತಿಂದು ಉಷ್ಣವಾಗಿ ಮೊಡವೆ ಬಂತು ಅಂತ ಮನೆಯಲ್ಲಿ ಹೇಳುತ್ತಾರಲ್ಲ, ಅದನ್ನು ನಂಬಿ ಮೀನು ಬಿಡಬೇಡಿ. ಸಿಹಿ, ಮೈದಾ, ಕೆಲವರಿಗೆ ಹಾಲು, ಜಿಮ್‌ನ ವೇ ಪ್ರೋಟೀನ್‌ನಿಂದ ಜಾಸ್ತಿ ಆಗುವುದುಂಟು. ಬೊಂಡ (ಎಳನೀರು) ಕುಡಿಯಿರಿ, ಒಳ್ಳೆಯದೇ, ಆದರೆ ಅದು ಮೊಡವೆಗೆ ಔಷಧಿ ಅಲ್ಲ. ನಿಂಬೆರಸ, ಟೂತ್‌ಪೇಸ್ಟ್ ಮಾತ್ರ ಮುಖಕ್ಕೆ ಬೇಡವೇ ಬೇಡ.

ನೀವು ಮೊದಲು ಮಾಡಬೇಕಾದ್ದು ಆ ಟ್ಯೂಬ್ ಹಿಡಿದುಕೊಂಡು ಚರ್ಮದ ಡಾಕ್ಟರ್ ಹತ್ತಿರ ಹೋಗುವುದು. ಖರ್ಚಿನ ಚಿಂತೆ ಇದ್ದರೆ ಹಂಪನಕಟ್ಟೆಯ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಬಿಡುವುದು ಹೇಗೆ ಅಂತ ಅವರೇ ತಿಳಿಸುತ್ತಾರೆ. ಮುಟ್ಟು ಏರುಪೇರಾಗುತ್ತಿದ್ದರೆ, ಗಲ್ಲದಲ್ಲಿ ದಪ್ಪ ಕೂದಲು ಬರುತ್ತಿದ್ದರೆ ಅದನ್ನೂ ಹೇಳಿ, ಪಿಸಿಓಎಸ್ ಅನ್ನುವ ಹಾರ್ಮೋನಿನ ಏರುಪೇರು ಇರಬಹುದು. ನೋವಿನ ಗಡ್ಡೆಗಳಾಗಿ ಕುಳಿ ಬೀಳುತ್ತಿದ್ದರೆ ಐಸೊಟ್ರೆಟಿನಾಯಿನ್ ಮಾತ್ರೆ ಕೊಡಬಹುದು. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ನಿಗಾದಲ್ಲೇ ತೆಗೆದುಕೊಳ್ಳುವ ಮಾತ್ರೆ ಅದು. ಬಸಿರಿನಲ್ಲಿ ತೆಗೆದುಕೊಂಡರೆ ಮಗುವಿಗೆ ದೊಡ್ಡ ಅಪಾಯ. ಅಡಾಪಲೀನ್ ಕೂಡ ಬಸುರಿಯರಿಗೆ ಬೇಡ.

5 ವಾರದಲ್ಲಿ ಪೂರ್ತಿ ಹೋಗುವುದಿಲ್ಲ, ಸುಳ್ಳು ಹೇಳಲಾರೆ. ಮದುವೆಗೆ ಮುಂಚೆ ಬ್ಲೀಚ್, ಫೇಶಿಯಲ್ ಮಾಡಿಸಬೇಡಿ, ಹಿಸುಕಬೇಡಿ. ಆ ದಿನ ರಂಧ್ರ ಮುಚ್ಚದ ಮೇಕಪ್ ಹಾಕಿ, ನಿಶ್ಚಿಂತೆಯಿಂದ ಅಕ್ಕನ ಪಕ್ಕ ನಿಲ್ಲಿ. ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಅದನ್ನು ತೊಳೆದೇ ಮಲಗಿ.